ಅಳತೆ ವಹಿ

ಅಜ್ಜನ ಅಳತೆ ವಹಿಯಲ್ಲಿ ಮೊದಲ ಎಂಬತ್ತು ಪುಟ ಬರೀ ಖಾಕಿ.
ಚಡ್ಡಿ, ಚಡ್ಡಿ, ಅಂಗಿ, ಚಡ್ಡಿ.
ಹೆಸರಿಲ್ಲ. ಮೂವತ್ತು, ಮೂವತ್ತೆರಡು, ಇಪ್ಪತ್ತೊಂಬತ್ತು:
ಬೀದರಿನ ಕೆಂಪು ಧೂಳಿನಲ್ಲಿ ಎರಡು ತಿಂಗಳಿದ್ದು
ಬರ್ಮಾದ ಕಡೆ ಹೋದ ಸೊಂಟಗಳು.

ಮೋಡಿ ಅಕ್ಷರ, ನನಗೆ ಬಾರದು.
ಓದಿ ಹೇಳಿದವನು ಅಪ್ಪ, ನಿವರ್ತಿ.
ನಾನು ಎರಡೆರಡು ಸಲ ಕೂಗಿ ಕೇಳಬೇಕು,
ಅವನ ಕಿವಿಯಲ್ಲಿ ಮೊದಲಿಂದ ಬೇರೆ ಸದ್ದು.

ಎಂಬತ್ತೊಂದನೇ ಪುಟ, ಫಸಲಿ ಹದಿಮೂರುನೂರ ಐವತ್ತೆರಡು.
ಖುರ್ಶೀದ್‌ಜಾನಳ ಪೇಶ್ವಾಜು.
ಕಳಿ ಅರವತ್ತು ಅಂತ ಬರೆದು, ಹೊಡೆದು, ನಲವತ್ತು;
ಅದನ್ನೂ ಹೊಡೆದು ಇಪ್ಪತ್ತೆರಡು.
ಬಟ್ಟೆಗೆ ಚೀಟಿ, ಚೀಟಿಗೆ ಸರತಿ.
ಕುಣಿಯುವವಳಿಗೆ ಇಷ್ಟು ಗಜ ಅಂತ
ಯಾವ ಕಚೇರಿ ಬರೆದುಕೊಟ್ಟೀತು?
ಅಂಚಿನ ಜರಿ ಮೊದಲೇ ಚೌಬಾರಾದ ಅಕ್ಕಸಾಲಿಯ ಕುಲುಮೆಯಲ್ಲಿ ಕರಗಿ
ಜೋಳವಾಗಿತ್ತು.

"ಗ್ಯಾನೋಬಾ, ಅರವತ್ತು ಕಳಿ ಇದ್ದಾಗ
ಮಂದಿ ನನ್ನ ಘೇರು ನೋಡ್ತಿದ್ರು" ಅಂದಳಂತೆ,
ಕನ್ನಡಿಯಿಲ್ಲದ ಅಂಗಡಿಯಲ್ಲಿ ಒಂದು ಸುತ್ತು ತಿರುಗಿ.
"ಈಗ ಹೆಜ್ಜಿ ನೋಡ್ತಾರ. ತಪ್ಪಿದ್ರ ಎಲ್ಲಾ ಕಾಣ್ತದ."
ಅಜ್ಜ ಉತ್ತರ ಕೊಡಲಿಲ್ಲ.
ಬಾಯಿ ತುಂಬ ಗುಂಡುಪಿನ್ನು.

ಎದುರು ಪುಟ: ಡಾರ್ತಿ, ಕ್ಯಾಂಪಿನ ಸಾಹೇಬನ ಮಗಳು.
ಸೊಂಟ ಇಪ್ಪತ್ತೊಂದು.
ಬಟ್ಟೆ: ಮಚ್ಛರದಾನಿ, ಸರಕಾರಿ, ಮೂರು.
ಪದರು: ಹನ್ನೊಂದು.
ಅವಳು ತಂದ ಚಿತ್ರದಲ್ಲಿ ಒಬ್ಬಳು ಒಂದೇ ಹೆಬ್ಬೆರಳ ಮೇಲೆ ನಿಂತಿದ್ದಳು,
ಲಂಗ ಕೆಳಗೆ ಬೀಳದೆ ಸುತ್ತಲೂ ಅಡ್ಡಕ್ಕೆ ನಿಂತಿತ್ತು.
"ಇದು ಲಂಗಲ್ಲ ಬಿಡು, ಗಾಳಿಗಿ ತಿರುವಿದ ಛತ್ರಿ"
ಅಂದ ಅಜ್ಜ, ಲಾಟೀನಿಗೆ ಕರಿ ಕಾಗದ ಸುತ್ತಿ
ಮೂರು ರಾತ್ರಿ ಹೊಲಿದ.

ಬಲೆ ನಿಲ್ಲಲೊಲ್ಲದು.
ಬಾಣಂತಿ ಅಜ್ಜಿ, ಕೊಂಡಾಬಾಯಿ,
ತನಗೆಂದು ಇಟ್ಟಿದ್ದ ಅಕ್ಕಿಯ ಗಂಜಿ ಬಸಿದು ಕೊಟ್ಟಳು.
ಕುಡಿದು ಎದ್ದು ನಿಂತಿತು ಲಂಗ.

ದವಾಖಾನೆಯ ಉದ್ದ ಕೋಣೆಯಲ್ಲಿ ಕುಣಿದಳಂತೆ, ಬ್ಯಾಲೆ.
ಚಳಿಜ್ವರದ ಹುಡುಗರು ಮಂಚಕ್ಕೊಬ್ಬರು,
ಬಲೆಯ ಒಳಗಿಂದ ಬಲೆಯನ್ನು ನೋಡಿದರು.
ಕಿಟಕಿಯ ಹೊರಗೆ ಅಜ್ಜ, ದಾರ ಪೋಣಿಸಿದ ಸೂಜಿ ಹಿಡಿದು.
ಎಲ್ಲಾದರೂ ಹರಿದರೆ ಅಂತ.

ಉಳಿದದ್ದು ಎರಡೂವರೆ ಗಜ, ಕೂಲಿಯ ಬದಲು.
ಆ ಸಾಲಿನ ಮುಂದೆ ಮೊದಲು "ತೊಟ್ಟಿಲು" ಅಂತಿದೆ.
ಹೊಡೆದಿದೆ.
ಕೆಳಗೆ, ಸಣ್ಣಗೆ: "ಖುರ್ಶೀದ್, ಒಳಪದರು."

ಆ ಮಳೆಗಾಲ ತೊಟ್ಟಿಲಲ್ಲಿದ್ದವನು ಅಪ್ಪ.
ಇದನ್ನು ಅವನೇ ಓದಿದ, ಬೆರಳಿಟ್ಟು,
ಬೇರೆ ಯಾರದೋ ಅಳತೆ ಎಂಬಂತೆ.
ಕ್ವಿನೈನು ಡಾರ್ತಿ ತಂದಳೋ, ಖುರ್ಶೀದ್ ಬಳೆ ಮಾರಿ ಕೊಂಡಳೋ,
ಅಜ್ಜಿ ಒಂದೊಂದು ಸಲ ಒಂದೊಂದು ಹೇಳುತ್ತಿದ್ದಳು.
ಒಂದನ್ನು ಮಾತ್ರ ಬದಲಿಸಲಿಲ್ಲ:
"ನಿಮ್ಮಜ್ಜಗ ಘೇರು ಹೆಚ್ಚಾತು."

ಕೂಸು ಬದುಕಿತು. ಕಿವಿಯಲ್ಲಿ ಸದ್ದು ಉಳಿಯಿತು.
ಮುಪ್ಪಿನಲ್ಲಿ ಕಿವಿಯ ಡಾಕ್ಟರು ಕೇಳಿದರು:
ಎಂಥ ಸದ್ದು? ಸೀಟಿ? ದುಂಬಿ?
ಅಪ್ಪ ಬಹಳ ಹೊತ್ತು ಆಲಿಸಿ ಅಂದ,
"ಗೆಜ್ಜಿರಿ. ಯಾರೋ ಒಂದ ಸವನ ತಿರಗಲಾಕತ್ತಾರ."

ಈಗ ಶಾಲೆಯ ಗ್ಯಾದರಿಂಗು ಬಂದರೆ ನಾನೂ ನೆಟ್ಟು ಹೊಲಿಯುತ್ತೇನೆ.
ಪ್ಲಾಸ್ಟಿಕ್ಕಿನದು. ಗಂಜಿ ಕೇಳುವುದಿಲ್ಲ, ತಾನೇ ನಿಲ್ಲುತ್ತದೆ.
ಮಿಕ್ಕ ತುಂಡು ಮಡಚಿ ಮಷೀನಿನ ಖಾನೆಯಲ್ಲಿಡುತ್ತೇನೆ,
ಮುಂದೆ ಯಾರ ಹೆಸರೂ ಬರೆಯದೆ.