ಕಂಬಳಿಯೋ, ಚೀಲವೋ

ಸಕ್ಕರೆ ಕಾರ್ಖಾನೆ ಅರೆಯಲು ಶುರುಮಾಡಿದ ತಿಂಗಳು
ಮಂಡ್ಯದ ಗುತ್ತಲಿನಲ್ಲಿ ಕಾಗದಕ್ಕೂ ಕಾಕಂಬಿಯ ವಾಸನೆ.
ಜ್ಞಾನಮಿತ್ರ ಮೇಷ್ಟ್ರು ಬೆಳಗಿನಿಂದ
ಒಂದು ಗ್ರೀಕ್ ಪದದ ಮೇಲೆ ಬೆರಳಿಟ್ಟು ಕೂತಿದ್ದರು.
ಪತ್ರದ ಕೊನೆಯ ಭಾಗ. ಸೆರೆಯಲ್ಲಿರುವ ಮುದುಕ
ದೂರದ ಕಿರಿಯ ಸಭಾಪಾಲಕನನ್ನು ಚಳಿಗೆ ಮುಂಚೆ ಕರೆಯುತ್ತಾನೆ,
ಯಾರದೋ ಮನೆಯಲ್ಲಿ ಬಿಟ್ಟುಬಂದದ್ದನ್ನು ತರಲು ಹೇಳುತ್ತಾನೆ.

ಬಿಟ್ಟುಬಂದದ್ದು ಏನು?
ಮೇಲಂಗಿ ಅಂದವರಿದ್ದಾರೆ.
ಪುಸ್ತಕ ಸುತ್ತುವ ಚೀಲ ಅಂದವರೂ, ಸಿರಿಯಾದ ಕಡೆ.
"ನೀನೇನಂತೀಯ, ಮಗು?"
ಚೀಲ, ಅಂದೆ. ಓದುವವನಿಗೆ ಚಳಿಗಿಂತ ಹಾಳೆ ದೊಡ್ಡದು.
ನಕ್ಕರು. "ನಿನಗಿನ್ನೂ ಮೂವತ್ತಾರು.
ಮಂಡಿ ಹಿಡ್ಕೊಳ್ಳಲಿ, ಆಮೇಲೆ ಹೇಳು."
ಅವರ ಕರಡಿನಲ್ಲಿ 'ಕಂಬಳಿ' ಎಂದಿತ್ತು,
ನೀಲಿ ಮಸಿ, ಕೆಳಗೆ ಎರಡು ಗೆರೆ.

ನಮ್ಮ ಜಗಳ ಹಳೆಯದು.
ಈ ಪತ್ರ ಅವನದಲ್ಲ ಸಾರ್, ಎಂದು ನಾನು
ಮೈಸೂರಿನಿಂದ ಶನಿವಾರದ ಪ್ಯಾಸೆಂಜರಿನಲ್ಲಿ
ಪಟ್ಟಿ ಹೊತ್ತು ಬರುತ್ತಿದ್ದೆ:
ಅವನ ಬೇರೆ ಪತ್ರಗಳಲ್ಲಿ ಒಮ್ಮೆಯೂ ಸುಳಿಯದ ಪದಗಳು
ಇವು, ಇಷ್ಟು, ಈ ಸಾಲಿನಲ್ಲಿ.
ಅವನು ಸತ್ತ ಮೇಲೆ ಶಿಷ್ಯನೊಬ್ಬ ಕೂತು ಬರೆದದ್ದು,
ಗುರುವಿನ ಹೆಸರಿಟ್ಟು.
"ಹಂಗಾದ್ರೆ ಈ ಕಂಬಳಿ?
ಸುಳ್ಳು ಬರೆಯೋನಿಗೆ ಮರೆತ ಕಂಬಳಿ ಯಾಕೆ ಬೇಕು?"
ಸುಳ್ಳು ಬರೆಯೋನಿಗೇ ಸಾರ್, ಬೇಕಾಗೋದು.
ಉತ್ತರ ಬರಲಿಲ್ಲ. ಒಳಗೆ ಹೋಗಿ
ಹುರಿಗಡಲೆ, ಒಂದು ಅಚ್ಚು ಬೆಲ್ಲ ತಂದಿಟ್ಟರು.
ಸೋತಾಗ ತಿಂಡಿ ತರುತ್ತಿದ್ದರು; ಗೆದ್ದಾಗಲೂ.

ಹಿಂದಿನ ವರ್ಷ, ಮೊದಲ ಪತ್ರದಲ್ಲಿ ವಿಧವೆಯರ ಪಟ್ಟಿ ಬಂದಾಗ
ನಾನು ಪೆನ್ನು ಕೆಳಗಿಟ್ಟಿದ್ದೆ.
ನನ್ನಜ್ಜಿ ಸಮಾಧಾನಮ್ಮನ ಹೆಸರು ಅಂಥದೊಂದು ಪಟ್ಟಿಯಲ್ಲಿತ್ತು,
ಸಭೆಯ ರಿಜಿಸ್ಟರು, ತಿಂಗಳಿಗೆ ಹನ್ನೊಂದು ರೂಪಾಯಿ,
ಎದುರಿಗೆ ಹೆಬ್ಬೆಟ್ಟು.
ಯಾವ ವ್ಯಾಖ್ಯಾನಕಾರನೂ ಹೆಬ್ಬೆಟ್ಟಿನ ಬಗ್ಗೆ ಬರೆದಿಲ್ಲ.
"ಬರಿ," ಅಂದರು. "ಅಡಿಟಿಪ್ಪಣಿಯಲ್ಲಿ."
ಮೇಲೆ ಯಾಕಲ್ಲ?
ತುಸು ಹೊತ್ತು ಸುಮ್ಮನಿದ್ದು, "ಮೇಲೂ ಬರಿ."

ಡಿಸೆಂಬರಿನಲ್ಲಿ ಪಾರ್ಶ್ವವಾಯು. ಬಲಗೈ ಹೋಯಿತು, ಮಾತು ಹೋಯಿತು.
ಮಿಷನ್ ಆಸ್ಪತ್ರೆಯ ಎರಡನೆಯ ಮಹಡಿ, ಕಿಟಕಿ ಪಕ್ಕದ ಮಂಚ.
ಕೊನೆಯ ಅಧ್ಯಾಯ ಬಾಕಿ.
ಪ್ರಕಟಣಾ ಸಮಿತಿ ಕೇಳಿತು: ಹಸ್ತಪ್ರತಿ ಪೂರ್ತಿ ಇದೆಯಾ?
ಇದೆ, ಅಂದೆ.

ನಜರ್‌ಬಾದಿನ ನನ್ನ ಕೋಣೆಯಲ್ಲಿ ಹದಿನೇಳು ರಾತ್ರಿ
ಅವರ ಗದ್ಯ ನನ್ನ ಕೈಮೇಲೆ ಬಂದು ಕೂತಿತು:
'ಹೀಗಿರಲಾಗಿ' ಎಂದು ಏಳುವ ವಾಕ್ಯ,
ಎರಡು ಪಕ್ಷ ಹೇಳಿ ಮೂರನೆಯದನ್ನು ನುಂಗುವ ರೀತಿ.
ನಾನು ನಂಬದ್ದನ್ನು ಅವರು ನಂಬಿದ ಹಾಗೇ ಬರೆದೆ:
ಪತ್ರ ಅವನದೇ, ಪದ ಕಂಬಳಿಯೇ.
ಆದರೂ ಪುಟದಲ್ಲಿ ಅವರಿರಲಿಲ್ಲ.
ಆಗ ಒಂದು ಸಾಲು ಸೇರಿಸಿದೆ:
'ನಾನೂ ಒಮ್ಮೆ ಪಾಂಡವಪುರದ ಸ್ಟೇಷನ್ ಬೆಂಚಿನ ಮೇಲೆ
ಕರಿ ಕಂಬಳಿಯೊಂದನ್ನು ಬಿಟ್ಟುಬಂದಿದ್ದೇನೆ.'
ಬಿಟ್ಟುಬಂದಿರಲಿಲ್ಲ. ಅವರ ಬಳಿ ಕಂಬಳಿಯೇ ಇರಲಿಲ್ಲ.

ಸಮಿತಿಯ ಹಿರಿಯರು ಆ ಸಾಲಿಗೆ ಬಂದು ಕನ್ನಡಕ ತೆಗೆದರು:
"ಇದು ಅವರೇ. ಇನ್ಯಾರಿಗೆ ಸಾಧ್ಯ?"

ಅಚ್ಚಾದ ಪ್ರತಿಯನ್ನು ಮಂಚದ ಪಕ್ಕ ಕೂತು ಓದಿದೆ.
ಕಂಬಳಿಯ ಸಾಲಿಗೆ ಅವರ ಎಡಗೈ ಅಲುಗಿತು,
ಪುಟದ ಮೇಲೆ ಬೆರಳಿಟ್ಟರು, ತೆಗೆಯಲಿಲ್ಲ.
ಒಪ್ಪಿಗೆಯೋ, ಆಕ್ಷೇಪವೋ?
ಒಂದೇ ಸಲ ಬಂದ ಪದಕ್ಕೆ
ಅರ್ಥ ಕಟ್ಟುವುದು ಕಷ್ಟ.
ಆಮೇಲೆ ಕಾಲ ಬಳಿ ಮುದುಡಿದ್ದ ಹೊದಿಕೆಯತ್ತ ನೋಡಿದರು.
ಭುಜದವರೆಗೆ ಎಳೆದು ಹೊದಿಸಿದೆ.

ಮುಂದೆಂದೋ ಒಬ್ಬಳು ಪಟ್ಟಿ ಹಿಡಿದು ಬಂದಾಳು:
ಕೊನೆಯ ಅಧ್ಯಾಯದಲ್ಲಿ 'ಬಹುಶಃ' ಒಂಬತ್ತು ಸಲ ಇದೆ ಮೇಡಂ,
ಅದಕ್ಕೆ ಮುಂಚೆ ಮೇಷ್ಟ್ರು ಒಮ್ಮೆಯೂ ಹಾಗಂದಿಲ್ಲ.
ಬರಲಿ.
ಹುರಿಗಡಲೆ ತಂದಿಟ್ಟಿರುತ್ತೇನೆ.