ಇಳಿತದ ಲೆಕ್ಕ

ಉತ್ತರಗಳು ನಮ್ಮ ಚಿಲೊಯೆಗೆ ಬರುವುದು ಉತ್ತರದಿಂದಲೇ.
ರಾಜಧಾನಿಯಿಂದ ಇಡೀ ದಿನದ ದಾರಿ ಇಳಿದು,
ಫೆರಿ ದಾಟಿ, ಅಂಚು ಒದ್ದೆಯಾದ ಲಕೋಟೆಯಲ್ಲಿ.
ನಾಲ್ಕನೆಯ ತರಗತಿ, ಗಣಿತ:
ಇನ್ನೂರ ಮೂವತ್ತೊಂದು.
ಹೋದ ಸಲಕ್ಕಿಂತ ಹನ್ನೊಂದು ಕಡಿಮೆ.
ಪಕ್ಕದಲ್ಲಿ ಕೆಳಮುಖದ ಕೆಂಪು ಬಾಣ,
ನಮ್ಮ ಸೌದೆ ಒಲೆಯ ಕಡೆಗೆ ಬೊಟ್ಟು ಮಾಡಿದಂತೆ.

ಮುಖ್ಯೋಪಾಧ್ಯಾಯಿನಿ ಎದುವೀನಾ ಒಯಾರ್ಸೊ
ಕನ್ನಡಕ ತೆಗೆದು ಉಣ್ಣೆಯ ತೋಳಿನಿಂದ ಒರೆಸಿ
ಮತ್ತೆ ಹಾಕಿಕೊಂಡರು.
ಅಂಕಿ ಬದಲಾಗಲಿಲ್ಲ.

ಬುಧವಾರ ಮೇಲ್ವಿಚಾರಕರು ಬಂದರು. ಒಳ್ಳೆಯವರೇ.
ಅವರ ಹಾಳೆಯಲ್ಲಿ ಒಂದೇ ಒಂದು ಗೆರೆ ಖಾಲಿ ಇತ್ತು:
ಹೊಣೆ ಯಾರದು?
ಗಣಿತ ಕಲಿಸುವವನು ನಾನು.
ನನ್ನ ಹೆಸರು ಆ ಗೆರೆಗೆ ಸರಿಯಾಗಿ ಕೂರುತ್ತಿತ್ತು,
ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ.

ನಿಜ ಹೇಳಬೇಕೆಂದರೆ ಮೊದಲ ವಾರವೆಲ್ಲ
ಆ ಹಾಳೆಗಳನ್ನು ಶಪಿಸಿದೆ.
ಮಗುವಿನ ತಲೆಯನ್ನು ಯಾವ ಸೇರಿನಲ್ಲಿ ಅಳೆಯುತ್ತೀರಿ
ಎಂದು ಸಂಘದ ಸಭೆಯಲ್ಲಿ ಗುಡುಗಿ
ಚಪ್ಪಾಳೆ ಗಿಟ್ಟಿಸಿದೆ.
ಮನೆಗೆ ಬಂದರೆ ನಿದ್ದೆಯಿಲ್ಲ.
ಬೈಯುವುದಕ್ಕಾದರೂ ಓದಬೇಕಲ್ಲ,
ತಣ್ಣಗಾದ ಆಲೂಗಡ್ಡೆ ರೊಟ್ಟಿ ಕಚ್ಚುತ್ತ
ಒಂದೊಂದೇ ಪ್ರಶ್ನೆ ಬಿಡಿಸುತ್ತ ಕೂತೆ.

ಹದಿನೇಳನೆಯದು: ಮೂರರಲ್ಲೊಂದು, ನಾಲ್ಕರಲ್ಲೊಂದು,
ಯಾವುದು ದೊಡ್ಡದು?
ಇಪ್ಪತ್ತಾರು ಮಕ್ಕಳಲ್ಲಿ ಒಂಬತ್ತು ತಪ್ಪು.
ಹದಿನೆಂಟರಲ್ಲಿ ಅದೇ ಒಂಬತ್ತು.
ಇಪ್ಪತ್ತೆರಡರಲ್ಲಿ ಅದೇ.
ನೆಲ್ದಾ ನಾವೆಲ್‌ಕಿನ್, ಅವಳ ದೊಡ್ಡಪ್ಪನ ಮಗ ಎರ್ವಿನ್,
ಬಾರ್ರಿಯಾ ಮನೆಯ ಅವಳಿಗಳು...
ಬಾಯಲ್ಲಿ ಹೇಳಿಕೊಳ್ಳುತ್ತ ಹೋದಂತೆ
ಹೆಸರುಗಳ ಹಿಂದೆ ಎಂಜಿನ್ನಿನ ಸದ್ದು ಕೇಳಿಸಿತು.

ಒಂಬತ್ತೂ ಎದುರು ದ್ವೀಪದ ಮಕ್ಕಳು,
ಬೌದಿಲಿಯೊ ಕಾರ್ಕಮೊನ ಹಳದಿ ದೋಣಿಯಲ್ಲಿ ಬರುವವರು.

ಹಾಜರಿ ಪುಸ್ತಕದಲ್ಲಿ ಎಲ್ಲರೂ ಹಾಜರು.
ನಾನೇ ಬರೆದದ್ದು.
ಚಳಿಗೆ ನಡುಗುತ್ತ ತಡವಾಗಿ ಬಂದ ಮಗುವಿನ ಮುಂದೆ
ಯಾರಿಗೆ ಕೈ ಬರುತ್ತದೆ, ಬೇರೇನಾದರೂ ಬರೆಯಲು?

ಮೀನಿನ ಕಟ್ಟೆಯಿಂದ ಭರತ ಇಳಿತದ ಪಟ್ಟಿ ತಂದು
ನನ್ನ ಪಾಠದ ದಿನಚರಿಯ ಪಕ್ಕ ಹರಡಿದೆ.
ಭಿನ್ನರಾಶಿ ಶುರು ಮಾಡಿದ್ದು ಹುಣ್ಣಿಮೆಯ ವಾರ,
ಮುಗಿಸಿದ್ದು ಅಮಾವಾಸ್ಯೆಯ ವಾರ.
ಎರಡೂ ಸಲ ಬೆಳಗಿನ ದೊಡ್ಡ ಇಳಿತ.
ಕಡಲು ಕಟ್ಟೆಯನ್ನು ಬಿಟ್ಟು ಹಿಂದೆ ಹಿಂದೆ ಸರಿದು
ದೋಣಿ ಕೆಸರಿನಾಚೆಯೇ ನಿಂತು,
ಬೂಟು ಕೈಯಲ್ಲಿ ಹಿಡಿದು ಮಕ್ಕಳು ನಡೆದು ಬರುವ ಹೊತ್ತಿಗೆ
ಮೂರರಲ್ಲೊಂದನ್ನು ಅಳಿಸಿ ನಾನು
ನಾಲ್ಕರಲ್ಲೊಂದು ಬರೆದಾಗಿತ್ತು.

ಕೊನೆಗೂ ಅಂಕಿಗೆ ಸಿಕ್ಕಿದ್ದು
ಯಾರ ಅಂಕೆಗೂ ಸಿಕ್ಕದ ಚಂದ್ರ.

ಇನ್ನೊಂದು. ಇಪ್ಪತ್ತನಾಲ್ಕನೆಯ ಪ್ರಶ್ನೆ:
ಏಳು ಹತ್ತಕ್ಕೆ ಹೊರಟವನು ಎಂಟು ಐದಕ್ಕೆ ತಲುಪಿದರೆ
ದಾರಿಯಲ್ಲಿ ಕಳೆದದ್ದೆಷ್ಟು?
ಊರಿನ ಮಕ್ಕಳು ಸಾಲಾಗಿ ಎಡವಿದ ಕಡೆ
ಆ ಒಂಬತ್ತೂ ಸರಿ.
ಅದರ ಪಕ್ಕ ಬಾಣ ಇರಲಿಲ್ಲ.

ಮೇಲ್ವಿಚಾರಕರಿಗೆ ಫೋನು ಮಾಡಿದೆ:
ಹೊಣೆಯ ಗೆರೆಯ ಮೇಲೆ ಚಂದ್ರನ ಹೆಸರು ಬರೆಯಬಹುದೇ?
ಅವರು ನಗಲಿಲ್ಲ.
ಚಂದ್ರ ತನ್ನ ಹೊತ್ತು ತಪ್ಪಿಸಿಲ್ಲ, ಮೇಷ್ಟ್ರೇ.
ನಿಮ್ಮ ವೇಳಾಪಟ್ಟಿ ಬರೆದವರು ಯಾರು?

ಈಗ ಗಣಿತ ಹನ್ನೊಂದಕ್ಕೆ.
ಮೊದಲ ಪೀರಿಯಡ್ಡು ಚಿತ್ರಕಲೆ,
ಒಲೆಯ ಸುತ್ತ ಆವಿಯಾಡುವ ಕಾಲುಚೀಲಗಳು.
ಚಿತ್ರದ ಟೀಚರ್ ಓರ್ಫಿಲಿಯಾ ನನ್ನೊಡನೆ ಮಾತು ಬಿಟ್ಟಿದ್ದಾರೆ.
ಯಾರೂ ಅಳೆಯದ ವಿಷಯ ಅಂತ ತಾನೇ
ಕೆಸರಿನ ಗಂಟೆ ನನ್ನ ಪಾಲಿಗೆ? ಅಂದಿದ್ದರು.
ಅವರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಹೊಸ ಲಕೋಟೆ ಬರಲು ಇನ್ನೂ ತಿಂಗಳುಗಳಿವೆ.
ಬಾಣ ಏಳುವುದೋ, ಮಲಗುವುದೋ.
ನನ್ನ ದೋಣಿಗೆ ಎಷ್ಟು ಮಾರ್ಕು ಬಂತು,
ಎಂದು ಬೌದಿಲಿಯೊ ಕಟ್ಟೆಯಿಂದ ಕೂಗುತ್ತಾನೆ.

ಹಾಜರಿ ಪುಸ್ತಕದಲ್ಲಿ ಗೆರೆಯಾಚೆಗೂ ಬರೆಯುತ್ತೇನೆ ಈಗ,
ಚೌಕ ಸಾಲದಿದ್ದರೂ:
ನೆಲ್ದಾ, ಎಂಟು ಇಪ್ಪತ್ತೈದು,
ಮೊಣಕಾಲವರೆಗೆ ಕೆಸರು.