ಇಪ್ಪತ್ತು ತೆತ್ರಿ

ತ್ಬಿಲಿಸಿಯ ಈ ಹಳೇ ಕಟ್ಟಡದ ಲಿಫ್ಟಿಗೆ ಹಸಿವು.
ಒಳಗಿನ ತಗಡಿನ ಡಬ್ಬಿಗೆ ಇಪ್ಪತ್ತು ತೆತ್ರಿ ಹಾಕಿದರಷ್ಟೇ
ಮೊಣಕಾಲು ಹಿಡಿದುಕೊಂಡು, ಗೊಣಗುತ್ತಾ
ಎಂಟನೇ ಮಹಡಿಗೆ ಏರುತ್ತದೆ.
ಇಳಿಯುವುದು ಪುಕ್ಕಟೆ.

ಬಂದ ರಾತ್ರಿ ನನ್ನ ಬಳಿ ಇದ್ದದ್ದು
ಮೂರು ಬ್ಯಾಂಕಿನ ಕಾರ್ಡು, ಎರಡು ಸಿಮ್ಮು,
ವಿಮಾನದಲ್ಲಿ ಕೊಟ್ಟ ಉಪ್ಪಿನ ಪೊಟ್ಟಣ.
ಚಿಲ್ಲರೆ ಇರಲಿಲ್ಲ.
ನೆಲಮಾಳಿಗೆಯಿಂದ ಬಂದವಳೊಬ್ಬಳು, ಮೊಣಕೈವರೆಗೆ ಹಿಟ್ಟು,
ಕಂಕುಳಲ್ಲಿ ದೋಣಿಯಂಥ ಎರಡು ರೊಟ್ಟಿ,
ನನ್ನನ್ನು ನೋಡಿ, ಪೆಟ್ಟಿಗೆಯನ್ನು ನೋಡಿ
ತನ್ನ ಜೇಬಿನ ನಾಣ್ಯವೊಂದನ್ನು ಡಬ್ಬಿಯಲ್ಲಿ ಟಣ್ಣೆನಿಸಿದಳು.
"ತೆತ್ರಿ," ಎಂದಳು ಬೆರಳು ತೋರಿಸಿ.
ತೆತ್ತಿರಿ, ಎಂದು ಕೇಳಿಸಿತು ನನಗೆ.
ಇಲ್ಲಮ್ಮ, ನಾನೆಲ್ಲಿ ತೆತ್ತೆ, ತೆತ್ತವಳು ನೀನು
ಎಂದೆ ಕನ್ನಡದಲ್ಲೇ, ನಿದ್ದೆಗಣ್ಣಲ್ಲಿ.
ಅವಳ ಹೆಸರು ಎತೇರಿ.

ನನ್ನದು ಕಿವಿಯ ಕೆಲಸ.
ಟೊರಾಂಟೊದಲ್ಲಿ ಬೆಳಗಾದಾಗ ಇಲ್ಲಿ ದೀಪ ಹಚ್ಚಿ ಕೂರುತ್ತೇನೆ,
ಕಿವಿ ಕೇಳದವರು ನೋಡುವ ಧಾರಾವಾಹಿಗಳಿಗೆ
ಸದ್ದುಗಳ ಹೆಸರು ಬರೆಯುತ್ತೇನೆ.
[ದೂರದಲ್ಲಿ ನಾಯಿ]
[ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತದೆ]
ನಿಮಿಷಕ್ಕಿಷ್ಟು ಎಂದು ಕೂಲಿ. ಮೌನಕ್ಕೂ ಅದೇ ದರ.

ಲಿಸ್ಬನ್ನಿನಲ್ಲಿ ಮೂರು ತಿಂಗಳು, ದಾ ನಾಂಗಿನಲ್ಲಿ ಮೂರು.
ಕಾಲಿಗೆ ಚಕ್ರ ಕಟ್ಟಿಕೊಂಡವಳು ಎನ್ನುತ್ತಾರೆ ಗೆಳತಿಯರು.
ಪೆಟ್ಟಿಗೆಯ ಒಂದು ಚಕ್ರ ಮುರಿದು ವರ್ಷವಾಯಿತು.
ಊರೂರ ಕಲ್ಲುಹಾಸಿನ ಮೇಲೆ ಎಳೆದಿದ್ದೇನೆ,
ಆ ಸದ್ದಿಗೊಂದು ಹೆಸರು ಇನ್ನೂ ಸಿಕ್ಕಿಲ್ಲ.

ತಡವಾಗಿ ಎದ್ದು ಎತೇರಿಯ ಒಲೆಗೆ ಹೋಗುತ್ತೇನೆ.
ಬಾವಿಯಂಥ ಒಲೆ. ಗಂಡ ಝೌರಿ ಸೊಂಟದವರೆಗೂ ಅದರೊಳಗೆ ಬಗ್ಗಿ
ಸುಡುಗೋಡೆಗೆ ಹಿಟ್ಟು ಬಡಿಯುತ್ತಾನೆ.
ಅವನ ಕಾಲು ನೆಲ ಬಿಡುವ ಆ ಗಳಿಗೆ
ಪ್ರತಿಸಲ ನನ್ನ ಎದೆ ಝಲ್ಲೆನ್ನುತ್ತದೆ.
ಇವರಿಗೆ ಅಪ್ಪನೆಂದರೆ ಮಾಮ, ರೊಟ್ಟಿಯೆಂದರೆ ಪುರಿ.
ನಮ್ಮ ಪುರಿ ಹಗುರ, ಊದಿದರೆ ಹಾರುತ್ತದೆ ಎಂದು
ಅಂಗೈ ಊದಿ ತೋರಿಸಿದೆ.
ಝೌರಿ ನನ್ನತ್ತ ಬೆರಳು ಮಾಡಿ, ತಾನೂ ಅಂಗೈ ಊದಿದ.
ಎಲ್ಲರೂ ನಕ್ಕೆವು. ನಾನು ಕೊಂಚ ತಡವಾಗಿ.

ನನ್ನ ಕೋಣೆಯ ಬಾಗಿಲ ಚೌಕಟ್ಟಿನಲ್ಲಿ
ಪೆನ್ಸಿಲ್ ಗೀಟುಗಳು, ಒಂದರ ಮೇಲೊಂದು.
ಅಕ್ಷರಗಳು ನಮ್ಮವರ ಹಾಗೇ ಗುಂಡು ಗುಂಡು,
ಗುರುತು ಮಾತ್ರ ಹತ್ತುವುದಿಲ್ಲ.
ಅಂಕಿ ಓದಬಲ್ಲೆ. ಕೊನೆಯದು ನನ್ನ ಮೊಣಕೈಗಿಂತ ತುಸು ಮೇಲೆ,
ಹೋದ ಮಾರ್ಚ್.
ಬುಕ್ ಮಾಡುವಾಗಿನ ಚಿತ್ರಗಳಲ್ಲಿ ಈ ಚೌಕಟ್ಟು ಇರಲಿಲ್ಲ.
ಧಾರಾಳ ಬೆಳಕು, ವೇಗದ ವೈಫೈ ಎಂದಷ್ಟೇ ಇತ್ತು.

ಏಳನೇ ವಾರ ಕೇಳಿಯೇ ಬಿಟ್ಟೆ.
ಎತೇರಿಯ ಮಾತನ್ನು ಫೋನು ತಿರುಗಿಸಿ ಹೇಳಿತು
ಹಿಟ್ಟು ಮೆತ್ತದ ದನಿಯಲ್ಲಿ:
ಅಲ್ಲಿ ನನ್ನ ತಂಗಿ ಇದ್ದಳು. ಹನ್ನೊಂದು ವರ್ಷ.
ಮಾಲೀಕ ಬಾಡಿಗೆಯನ್ನು ಡಾಲರಿನಲ್ಲಿ ಕೇಳಿದ.
ಈಗ ರುಸ್ತಾವಿಯಲ್ಲಿದ್ದಾಳೆ. ಹುಡುಗ ನುಕ್ರಿ. ಎತ್ತರವಾಗಿದ್ದಾನೆ.
ಇಷ್ಟು ಹೇಳಿ, ದಿನದಂತೆ
ಹಳೇ ಪತ್ರಿಕೆಯಲ್ಲಿ ಬಿಸಿ ರೊಟ್ಟಿ ಸುತ್ತಿಕೊಟ್ಟಳು.
ಬೈದಿದ್ದರೆ ಸುಲಭವಾಗುತ್ತಿತ್ತು.

ಆ ರಾತ್ರಿ ತೆರೆಯ ಮೇಲೆ ಯಾರೋ ಮನೆ ಬಿಡುತ್ತಿದ್ದರು.
ಹೆಂಗಸು ಬಾಯಿ ತೆರೆದಳು, ಏನೂ ಅನ್ನಲಿಲ್ಲ.
ಬರೆದೆ, ಅಳಿಸಿದೆ. ಬರೆದೆ.
ಗೋಡೆಯಾಚೆ ಲಿಫ್ಟು ಏರುತ್ತಿತ್ತು.
ಯಾರೋ ತೆತ್ತಿದ್ದರು.

ಎಂಬತ್ತೊಂಬತ್ತನೆಯ ದಿನ ಮಾಲೀಕನ ಸಂದೇಶ:
ನೀವು ಹೊರಟ ಮೇಲೆ ಬಣ್ಣ ಬಳಿಸುತ್ತೇನೆ, ಚೌಕಟ್ಟಿಗೂ.
ರೊಟ್ಟಿಯ ಪತ್ರಿಕೆಗಳನ್ನು ಉದ್ದಕ್ಕೆ ಅಂಟಿಸಿ
ಚೌಕಟ್ಟಿಗೆ ಒತ್ತಿ ಹಿಡಿದು
ಗೀಟು ಗೀಟನ್ನೂ ಇಳಿಸಿಕೊಂಡೆ,
ಓದಲಾರದ ಅಕ್ಷರಗಳನ್ನು ಮಗುವಿನಂತೆ ತಿದ್ದಿ ತಿದ್ದಿ.

ಎತೇರಿ ಬಿಚ್ಚಿ ನೋಡಿದಳು. ಒಂದು ಕಡೆ ತಲೆಕಟ್ಟು ತಪ್ಪಿರಬೇಕು,
ನನ್ನ ಪೆನ್ಸಿಲ್ ಇಸಿದುಕೊಂಡು ಸರಿಮಾಡಿದಳು.
ಮತ್ತೆ ಸುರುಳಿ ಸುತ್ತಿ, ಹಿಟ್ಟು ತಾಗದ ಮೇಲಿನ ಗೂಡಿನಲ್ಲಿಟ್ಟಳು.
ಝೌರಿ ಒಲೆಯೊಳಗಿದ್ದ.

ಲಿಫ್ಟಿನ ಡಬ್ಬಿಯ ನೆತ್ತಿಯ ಮೇಲೆ
ಉಳಿದ ಹದಿನಾಲ್ಕು ನಾಣ್ಯ ಜೋಡಿಸಿಟ್ಟೆ,
ಚಿಲ್ಲರೆಯಿಲ್ಲದೆ ಬರುವವರಿಗೆ.
ಇದರಿಂದ ಋಣವೇನೂ ಹರಿಯಲಿಲ್ಲ, ಗೊತ್ತು.
ಕೆಳಗಿಳಿದೆ, ಪುಕ್ಕಟೆ.
ಹೊರಗೆ ಕಲ್ಲುಹಾಸು.
[ಮುರಿದ ಚಕ್ರ]